5,000 ರೂಪಾಯಿಯಲ್ಲಿ ಆನ್‌ಲೈನ್ ಮಾರಾಟ: ಮೊದಲು ಪಾರ್ಸೆಲ್ ಲೆಕ್ಕ, ಆಮೇಲೆ ವೆಬ್‌ಸೈಟ್

ಆನ್‌ಲೈನ್‌ನಲ್ಲಿ ಮಾರಾಟ ಶುರು ಮಾಡಬೇಕು, ಎಷ್ಟು ಬಂಡವಾಳ ಬೇಕು ಅಂತ ಕೇಳಿಕೊಂಡು ನನಗೆ ಆಗಾಗ ಫೋನ್ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು 25 ವರ್ಷದ ಆಸುಪಾಸಿನ ಹುಡುಗರು, ಹುಡುಗಿಯರು. ಅಷ್ಟರಲ್ಲೇ ಯಾರೋ ಅವರಿಗೆ 30,000 ರೂಪಾಯಿಗೆ ವೆಬ್‌ಸೈಟ್ ಮಾಡಿಕೊಡ್ತೀನಿ ಅಂದಿರುತ್ತಾರೆ. ಅದಕ್ಕೆ ಸಾಲ ಮಾಡಲು ಹೊರಟವರೂ ಇದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ: ವೆಬ್‌ಸೈಟ್ ಆಮೇಲೆ ನೋಡೋಣ, ಮೊದಲು ಒಂದು ಪಾರ್ಸೆಲ್‌ನ ಲೆಕ್ಕ ಬರೆಯಿರಿ. ಒಂದು ಪಾರ್ಸೆಲ್‌ನಲ್ಲಿ ದುಡ್ಡು ಉಳಿಯದಿದ್ದರೆ ನೂರು ಪಾರ್ಸೆಲ್ ಕಳಿಸಿದರೂ ಉಳಿಯುವುದಿಲ್ಲ, ನಷ್ಟ ನೂರು ಪಟ್ಟಾಗುತ್ತದೆ ಅಷ್ಟೇ.

ನಾನು ತೋಟಗಾರಿಕೆ ಓದಿ ಈಗ ಗುಂಡ್ಲುಪೇಟೆ ಕಡೆ ಸಾವಯವದಲ್ಲಿ ಅರಿಶಿನ ಬೆಳೆಯುತ್ತಿದ್ದೇನೆ. ಹಾಗಾಗಿ ಅರಿಶಿನ ಪುಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನೀವು ರಾಗಿ ಹಿಟ್ಟು, ಬೆಲ್ಲ, ಕಾಳುಮೆಣಸು ಏನೇ ಮಾರಿದರೂ ಲೆಕ್ಕದ ದಾರಿ ಇದೇ.

ಯಾವ ಪದಾರ್ಥದಿಂದ ಶುರು ಮಾಡಬೇಕು?

ಒಂದೇ ಪದಾರ್ಥ ಆರಿಸಿಕೊಳ್ಳಿ. ಅದು ಒಣಗಿದ್ದಿರಲಿ, ಕೆಲವು ತಿಂಗಳು ಕೆಡದೇ ಇರಲಿ, ತೂಕಕ್ಕೆ ಹೋಲಿಸಿದರೆ ಬೆಲೆ ಹೆಚ್ಚಿರಲಿ. ಟೊಮೆಟೊ, ಸೊಪ್ಪು ಪಾರ್ಸೆಲ್‌ಗೆ ಹೊಂದುವುದಿಲ್ಲ. ಹಣ್ಣು ಕಳಿಸಬಹುದು, ಆದರೆ ಅದಕ್ಕೆ ವ್ಯವಸ್ಥೆ ಬೇಕು. ಮಾವು ಅಭಿವೃದ್ಧಿ ನಿಗಮದ ಕರ್ಸಿರಿ ಮ್ಯಾಂಗೋಸ್ ಪೋರ್ಟಲ್‌ನಲ್ಲಿ ಆರ್ಡರ್ ಆದ ಹಣ್ಣು ಬಾಕ್ಸ್‌ನಲ್ಲಿ ಅಂಚೆ ಮೂಲಕ ಬೆಂಗಳೂರಿನ ಮನೆಗಳಿಗೆ ಹೋಗುತ್ತದೆ. ಅದರ ಹಿಂದೆ ನಿಗಮವೂ ಅಂಚೆ ಇಲಾಖೆಯೂ ಇವೆ. ಒಬ್ಬರೇ ಮೊದಲ ವರ್ಷ ಅಷ್ಟಕ್ಕೆ ಕೈಹಾಕುವುದು ಬೇಡ.

ಒಂದು ಪಾರ್ಸೆಲ್‌ನ ಲೆಕ್ಕ

ಇಲ್ಲಿ ಒಂದು ನಿಯಮ ಇದೆ. ನಮ್ಮ ಹೊಲದ್ದೇ ಅಲ್ವಾ ಅಂತ ಬೆಳೆಯ ಬೆಲೆಯನ್ನು ಸೊನ್ನೆ ಹಾಕಬೇಡಿ. ಮಂಡಿಗೆ ಹಾಕಿದ್ದರೆ ಎಷ್ಟು ಸಿಗುತ್ತಿತ್ತೋ ಅದೇ ನಿಮ್ಮ ಖರ್ಚು. ಅದರ ಮೇಲೆ ಉಳಿದದ್ದು ಮಾತ್ರ ಆನ್‌ಲೈನ್ ಮಾರಾಟದ ಲಾಭ.

ಒಣ ಅರಿಶಿನ ಮಂಡಿಯಲ್ಲಿ ಕೆಜಿಗೆ 130 ರೂಪಾಯಿ ಅಂತ ಇಟ್ಟುಕೊಳ್ಳೋಣ. ಪುಡಿ ಮಾಡಿಸುವ ಕೂಲಿ, ಜರಡಿಯಲ್ಲಿ ಹೋಗುವ ನಷ್ಟ ಸೇರಿ 20 ರೂಪಾಯಿ. ಅಲ್ಲಿಗೆ ಒಂದು ಕೆಜಿ ಪುಡಿಗೆ 150. ಮುಂದಿನ ಅಂಕಿಗಳು ಅಂದಾಜಿನವು, ನಿಮ್ಮ ಊರಿನ ದರ ಹಾಕಿ ನೋಡಿ.

- 250 ಗ್ರಾಂ ಪಾರ್ಸೆಲ್: ಪುಡಿ 38, ಪೌಚ್ ಮತ್ತು ಲೇಬಲ್ 8, ಹೊರ ಕವರ್ 8, ಅಂಚೆ 70. ಒಟ್ಟು ಖರ್ಚು 124. ಮನೆ ಬಾಗಿಲಿಗೆ 120ಕ್ಕೆ ಕೊಟ್ಟರೆ ಕೈಯಿಂದ 4 ರೂಪಾಯಿ ಹೋಯಿತು.
- 1 ಕೆಜಿ ಪಾರ್ಸೆಲ್ (ಅರ್ಧ ಕೆಜಿಯ 2 ಪೌಚ್): ಪುಡಿ 150, ಪೌಚ್ ಮತ್ತು ಲೇಬಲ್ 22, ಬಾಕ್ಸ್ 18, ಅಂಚೆ 100. ಒಟ್ಟು 290. 380ಕ್ಕೆ ಮಾರಿದರೆ 90 ಉಳಿಯುತ್ತದೆ.
- 2 ಕೆಜಿ ಪಾರ್ಸೆಲ್ (4 ಪೌಚ್): ಪುಡಿ 300, ಪೌಚ್ ಮತ್ತು ಲೇಬಲ್ 44, ಬಾಕ್ಸ್ 25, ಅಂಚೆ 150. ಒಟ್ಟು 519. 720ಕ್ಕೆ ಮಾರಿದರೆ 201 ಉಳಿಯುತ್ತದೆ.

ಅದೇ ಪುಡಿ, ಅದೇ ಹೊಲ. ಲಾಭ, ನಷ್ಟ ತೀರ್ಮಾನ ಮಾಡಿದ್ದು ಅಂಚೆ ಖರ್ಚು. ಅದಕ್ಕೇ ಸಣ್ಣ ಪ್ಯಾಕೆಟ್ಟನ್ನು ಒಂಟಿಯಾಗಿ ಕಳಿಸಬೇಡಿ. ಕನಿಷ್ಠ ಆರ್ಡರ್ 1 ಕೆಜಿ ಅಂತ ಇಡಿ. ಅಕ್ಕಪಕ್ಕದ ಎರಡು ಮನೆಯವರು ಸೇರಿ 2 ಕೆಜಿ ತರಿಸಿಕೊಂಡರೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಿ.

ಬಾಕ್ಸ್ ದೊಡ್ಡದಾದರೂ ದುಡ್ಡು ಹೋಗುತ್ತದೆ. ಅನೇಕ ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. ಆ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು ಕಟ್ಟಬೇಕು. 30, 20, 20 ಸೆಂ.ಮೀ. ಬಾಕ್ಸ್‌ನಲ್ಲಿ 1 ಕೆಜಿ ಇಟ್ಟರೆ 2.4 ಕೆಜಿಯ ದರ ಬೀಳುತ್ತದೆ. ಒಂದೇ ಬಡಾವಣೆಗೆ ಹತ್ತಾರು ಕೆಜಿ ಆರ್ಡರ್ ಇದ್ದರೆ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ದರವನ್ನೂ ಕೇಳಿ ನೋಡಿ. ಬಸ್ ನಿಲ್ದಾಣದಿಂದ ಮಾಲು ಬಿಡಿಸಿಕೊಳ್ಳಲು ಅಲ್ಲೊಬ್ಬರು ಬೇಕು.

5,000 ಎಲ್ಲಿಗೆ ಹೋಗುತ್ತದೆ?

- ವಾಟ್ಸ್ಆ್ಯಪ್ ಬಿಸಿನೆಸ್, ಯುಪಿಐ ಕ್ಯೂಆರ್: ಖರ್ಚಿಲ್ಲ
- ಎಫ್‌ಎಸ್‌ಎಸ್‌ಎಐ ನೋಂದಣಿ: ನಾನು ಕಟ್ಟಿದ್ದು ವರ್ಷಕ್ಕೆ 100
- ಇಲಾಖೆಯ ಮುದ್ರೆ ಇರುವ ತಕ್ಕಡಿ: ಸುಮಾರು 2,000
- ಪೌಚ್ ಸೀಲ್ ಮಾಡುವ ಮಷೀನ್: 900
- 100 ಪೌಚ್: 800
- 100 ಲೇಬಲ್: 300
- ಬಾಕ್ಸ್, ಟೇಪು: 700

ಒಟ್ಟು 4,800. ಪುಡಿ ಮಾಡುವ ಮಷೀನ್ ಈಗಲೇ ಬೇಡ. ಮಸಾಲೆ ಮಾತ್ರ ಬೀಸುವ ಗಿರಣಿ ಹುಡುಕಿ. ಅರಿಶಿನ ಪೂರ್ತಿ ಒಣಗಿದೆಯಾ ಅಂತ ಮುರಿದು ನೋಡಿ, ಟಣ್ ಅಂತ ಸದ್ದು ಬರಬೇಕು. ಬೀಸಿದ ಬಿಸಿ ಪುಡಿಯನ್ನು ತಣ್ಣಗಾಗುವ ಮೊದಲೇ ತುಂಬಿದರೆ ಪೌಚ್ ಒಳಗೆ ಬೆವರಿ ಗಂಟು ಕಟ್ಟುತ್ತದೆ.

ಕಾನೂನು: ಇಷ್ಟು ತಿಳಿದಿರಲಿ

ರೈತ ತನ್ನ ಬೆಳೆಯನ್ನು ಹಾಗೇ ಮಾರಿದರೆ ಆಹಾರ ಸುರಕ್ಷತೆ ಕಾಯ್ದೆಯ ನೋಂದಣಿ ಬೇಕಿಲ್ಲ. ಪುಡಿ ಮಾಡಿ ಪ್ಯಾಕ್ ಮಾಡಿದರೆ ಬೇಕು. ಫೋಸ್ಕಾಸ್ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಜೊತೆಗೆ ಪದಾರ್ಥದ ಹೆಸರು, ನಿಮ್ಮ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಎಂಆರ್‌ಪಿ, ಸಸ್ಯಾಹಾರದ ಹಸಿರು ಗುರುತು, ದೂರಿಗೆ ಫೋನ್ ನಂಬರ್ ಹಾಕಿ.

ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಇಲ್ಲದೆ ಜೈವಿಕ್ ಭಾರತ್ ಲೋಗೊ ಹಾಕುವಂತಿಲ್ಲ. ಪ್ರಮಾಣಪತ್ರ ಇಲ್ಲ ಅಂದರೆ ಏನು ಹಾಕಿ ಬೆಳೆದಿರಿ, ಏನು ಹಾಕಿಲ್ಲ ಅಂತ ಗ್ರಾಹಕರಿಗೆ ನೇರವಾಗಿ ಹೇಳಿ, ಹೊಲದ ಫೋಟೊ ಕಳಿಸಿ. ಕ್ಯಾನ್ಸರ್ ಹೋಗುತ್ತೆ, ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅಂತ ಎಲ್ಲೂ ಬರೆಯಬೇಡಿ. ಅದು ಕಾನೂನಿಗೆ ವಿರುದ್ಧ.

ಜಿಎಸ್‌ಟಿ ಬಗ್ಗೆ ಭಯ ಬೇಡ, ಅಸಡ್ಡೆಯೂ ಬೇಡ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ಅನ್ವಯಿಸುವುದಿಲ್ಲ. ಆದ್ದರಿಂದ ಮೊದಲ ವರ್ಷ ರಾಜ್ಯದೊಳಗೇ ಮಾರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿರಬಹುದು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡಿ. ಮನೆಯವರು ಹಾಕಿದ ದುಡ್ಡು, ಕೈಸಾಲ ಅದರಲ್ಲಿ ಸೇರದಿರಲಿ. ಪ್ರತಿ ಪಾರ್ಸೆಲ್ ಅನ್ನೂ ಪುಸ್ತಕದಲ್ಲಿ ಬರೆಯಿರಿ.

ಮೊದಲ 30 ಗ್ರಾಹಕರು

ಅಪರಿಚಿತರಿಗೆ ಜಾಹೀರಾತು ಕೊಡುವ ಮೊದಲು ಗೊತ್ತಿರುವವರ ಪಟ್ಟಿ ಮಾಡಿ. ಬೆಂಗಳೂರು, ಮೈಸೂರಿನಲ್ಲಿರುವ ನೆಂಟರು, ಜೊತೆಗೆ ಓದಿದವರು, ಊರು ಬಿಟ್ಟು ಹೋದ ನೆರೆಮನೆಯವರು. 30 ಜನ ಸಾಕು. ಒಬ್ಬೊಬ್ಬರಿಗೂ ಮಾತಾಡಿ, ಮೆಸೇಜ್ ಕಳಿಸಬಹುದಾ ಅಂತ ಕೇಳಿ, ನಿಮ್ಮ ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ. ಸೇವ್ ಮಾಡದವರಿಗೆ ಬ್ರಾಡ್‌ಕಾಸ್ಟ್ ಮೆಸೇಜ್ ತಲುಪುವುದಿಲ್ಲ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಶುರುವಿಗೆ ಧಾರಾಳ.

ಫೋಟೊಗಳನ್ನು ಬೆಳಗಿನ ಬೆಳಕಿನಲ್ಲಿ ತೆಗೆಯಿರಿ, ಫಿಲ್ಟರ್ ಬೇಡ. ಬಣ್ಣ ಬೆರೆಸದ ಪುಡಿ ಅಂಗಡಿ ಪುಡಿಯಷ್ಟು ಹೊಳೆಯದೇ ಇರಬಹುದು. ಅದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ತಕರಾರು ಇರದು. ವಾರದಲ್ಲಿ ಎರಡು ದಿನ ಮಾತ್ರ ಪಾರ್ಸೆಲ್ ಅಂತ ಗೊತ್ತು ಮಾಡಿ, ಇಲ್ಲದಿದ್ದರೆ ಹೊಲದ ಕೆಲಸ ಕೆಡುತ್ತದೆ.

ದುಡ್ಡು ಮೊದಲು, ಪಾರ್ಸೆಲ್ ಆಮೇಲೆ. ವಾಪಸ್ ಬಂದ ಒಂದು ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಎರಡು ಪಾರ್ಸೆಲ್‌ನ ಲಾಭ ತಿನ್ನಬಹುದು. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆ ನೋಡಿ. ಮಿಲಿಟರಿಯವರು ಅಂತ ಹೇಳಿ ದೊಡ್ಡ ಆರ್ಡರ್ ಕೊಟ್ಟು ಕ್ಯೂಆರ್ ಸ್ಕ್ಯಾನ್ ಮಾಡಿಸುವ ಮೋಸಗಾರರಿದ್ದಾರೆ. ದುಡ್ಡು ಬರಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಮೋಸ ಆದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಬೆಳೆಸೋದು ಯಾವಾಗ?

ಮೊದಲ ಆರ್ಡರ್ ಪರಿಚಯಕ್ಕೆ ಬರುತ್ತದೆ, ಎರಡನೆಯದು ಪುಡಿ ಚೆನ್ನಾಗಿದ್ದರೆ ಮಾತ್ರ. ಮೂರು, ನಾಲ್ಕು ತಿಂಗಳಲ್ಲಿ 30 ಜನರಲ್ಲಿ 10 ಮಂದಿ ತಾವಾಗಿ ಮತ್ತೆ ಕೇಳಿದರೆ ಮುಂದೆ ಹೋಗಿ, ಎರಡನೇ ಪದಾರ್ಥ ಸೇರಿಸಿ. ವೆಬ್‌ಸೈಟನ್ನು ಬಂದ ಲಾಭದಿಂದಲೇ ಮಾಡಿಸಿ. ಇಬ್ಬರೋ ಮೂವರೋ ಕೇಳಿದರೆ ಯಾಕೆ ಅಂತ ಉಳಿದವರಿಗೆ ಫೋನ್ ಮಾಡಿ ವಿಚಾರಿಸಿ. ಬೆಲೆಯಾ, ಪ್ಯಾಕಿಂಗಾ, ಪರಿಮಳವಾ? ಏನೂ ಸರಿಹೋಗದಿದ್ದರೂ ಉಳಿದ ಅರಿಶಿನಕ್ಕೆ ಮಂಡಿ ಇದ್ದೇ ಇದೆ, ತಲೆ ಮೇಲೆ ಸಾಲ ಇರುವುದಿಲ್ಲ.

ಈ ವಾರದ ಕೆಲಸ ಇಷ್ಟೇ. ನಿಮ್ಮ ಪದಾರ್ಥ 1 ಕೆಜಿ ಪ್ಯಾಕ್ ಮಾಡಿ, ಅಂಚೆ ಕಚೇರಿಗೆ ಹೋಗಿ ಬೆಂಗಳೂರಿಗೆ ಎಷ್ಟಾಗುತ್ತದೆ ಕೇಳಿ, ಮೇಲಿನ ಲೆಕ್ಕದಲ್ಲಿ ಆ ಅಂಕಿ ಹಾಕಿ. ಉಳಿಯುವುದು ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ.