ಹಸಿ ಕೂಸಿನ ಮುಂದೆ ಕ್ಯಾಮೆರಾ

ಸಿಂಧನೂರು ಸೀಮೆಯ ಮನೆಗಳ ಗೋಡೆಯ ಮೇಲಿರುವ ಹಳೆಯ ಫೋಟೊಗಳನ್ನು ನೋಡಿದರೆ ಕೂಸುಗಳೆಲ್ಲ ನಾಲ್ಕೈದು ತಿಂಗಳಿನವಾಗಿಯೇ ಹುಟ್ಟಿದವೇನೋ ಅನ್ನಿಸುತ್ತದೆ. ಡಬ್ಬ ಬಿದ್ದು ಕತ್ತೆತ್ತಿದ ಕೂಸು, ನಡುವಿಗೆ ಉಡದಾರ, ಹಣೆಗೂ ಗಲ್ಲಕ್ಕೂ ಕಾಡಿಗೆ ಬೊಟ್ಟು, ಹಿಂದೆ ಸ್ಟುಡಿಯೊದ ಬಣ್ಣದ ಪರದೆ. ಅದಕ್ಕಿಂತ ಮೊದಲಿನ ಫೋಟೊ ಇಲ್ಲ. ಇರಬಾರದು ಎಂಬುದೇ ಹಿರಿಯರ ಕಟ್ಟಪ್ಪಣೆಯಾಗಿತ್ತು. "ಹಸಿ ಕೂಸಿನ ಫೋಟೊ ತಗೀಬ್ಯಾಡ್ರಿ, ದೃಷ್ಟಿ ಆಗ್ತೈತಿ" ಅಂತ ಅಜ್ಜಿ ಒಂದು ಮಾತು ಹೇಳಿದರೆ ಮುಗೀತು, ಕ್ಯಾಮೆರಾ ಇದ್ದವರೂ ಅದನ್ನು ಚೀಲದೊಳಗೇ ಇಡುತ್ತಿದ್ದರು.

ಈಗ ಹೆರಿಗೆ ಕೋಣೆಯ ಬಾಗಿಲಲ್ಲೇ ಅಪ್ಪನ ಮೊಬೈಲು ಕಾದು ನಿಂತಿರುತ್ತದೆ. ಕೂಸು ಮನೆಗೆ ಬರುವ ಮೊದಲೇ ಅದರ ಮುಖ ನೂರು ಜನರ ಸ್ಟೇಟಸ್ಸಿನಲ್ಲಿ ಓಡಾಡುತ್ತಿರುತ್ತದೆ. ಮದುವೆ, ಕುಬಸ, ತೊಟ್ಟಿಲು ಕಾರ್ಯ ಎಂದು ಓಡಾಡುತ್ತಿದ್ದ ತಾಲೂಕು ಪೇಟೆಯ ಫೋಟೊಗ್ರಾಫರುಗಳೂ 'ನ್ಯೂಬಾರ್ನ್ ಶೂಟ್' ಎಂಬ ಹೊಸ ಕೆಲಸ ಹಿಡಿದಿದ್ದಾರೆ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಸಿಗುವ ಜವಳಗೇರಾದಂಥ ಊರಿಗೂ ಇದು ಈಗ ದೂರದ ಮಾತಲ್ಲ. ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ರಾಷ್ಟ್ರೀಯ ಬೀಜ ನಿಗಮದ ದೊಡ್ಡ ಫಾರ್ಮು ಇರುವ ಈ ಊರಿನ ಹೆಣ್ಣುಮಕ್ಕಳು ಬೆಂಗಳೂರಲ್ಲೋ ಹೈದರಾಬಾದಲ್ಲೋ ಇದ್ದರೂ ಬಾಣಂತನಕ್ಕೆ ತವರಿಗೇ ಬರುತ್ತಾರೆ. ಬರುವಾಗ ಅಲ್ಲಿ ಗೆಳತಿಯರು ತೆಗೆಸಿದ ಫೋಟೊಗಳನ್ನು ಮೊಬೈಲಿನಲ್ಲಿ ತರುತ್ತಾರೆ. ಬುಟ್ಟಿಯಲ್ಲಿ ಮಲಗಿದ ಕೂಸು, ಗಲ್ಲಕ್ಕೆ ಕೈ ಕೊಟ್ಟು ನಿದ್ದೆ ಹೋದ ಕೂಸು. ನಮ್ಮ ಕೂಸಿಗೂ ಹೀಗೇ ಬೇಕು ಎಂಬ ಆಸೆ. ಆ ಆಸೆಯ ಹಿಂದಿನ ಕೆಲಸ ಹೇಗೆ ನಡೆಯುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರುವುದಿಲ್ಲ.

ಎಳೆಗೂಸನ್ನು ಹೀಗೆ ಅಲಂಕರಿಸಿ ತೆಗೆಯುವ ಶೋಕಿಯನ್ನು ಲೋಕಕ್ಕೆಲ್ಲ ಹಬ್ಬಿಸಿದವರು ಆಸ್ಟ್ರೇಲಿಯಾದಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಹೆಸರು ಮಾಡಿದ ಆ್ಯನ್ ಗೆಡೆಸ್. 1996ರಲ್ಲಿ ಬಂದ ಅವರ 'ಡೌನ್ ಇನ್ ದ ಗಾರ್ಡನ್' ಪುಸ್ತಕದಲ್ಲಿ ಕೂಸುಗಳು ಹೂವಾಗಿ, ಹುಳವಾಗಿ ತೋಟದ ತುಂಬ ಮಲಗಿವೆ. ನಮ್ಮೂರ ಕಟಿಂಗ್ ಅಂಗಡಿಗಳ ಗೋಡೆಯ ಮೇಲಿದ್ದ ಕ್ಯಾಲೆಂಡರು ಕೂಸುಗಳೂ ಇದೇ ಬಳಗದವು. ಆದರೆ ಕೂಸನ್ನು ಕ್ಯಾಮೆರಾದ ಮುಂದೆ ಅಲುಗದಂತೆ ಇಡುವ ಪಾಡು ಅದಕ್ಕಿಂತ ಬಹಳ ಹಳೆಯದು. 19ನೇ ಶತಮಾನದಲ್ಲಿ ಒಂದು ಚಿತ್ರ ಮೂಡಲು ಎಷ್ಟೋ ಸೆಕೆಂಡು ಬೇಕಾಗುತ್ತಿತ್ತು. ಅಷ್ಟು ಹೊತ್ತು ಯಾವ ಕೂಸು ಸುಮ್ಮನಿದ್ದೀತು? ಅದಕ್ಕೆ ಯುರೋಪು, ಅಮೆರಿಕದ ಸ್ಟುಡಿಯೊಗಳಲ್ಲಿ ತಾಯಿಯನ್ನೇ ಕುರ್ಚಿಯ ಮೇಲೆ ಕೂರಿಸಿ, ಆಕೆಯ ಮೇಲೆ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಕೂಸನ್ನಿಟ್ಟು ತೆಗೆಯುತ್ತಿದ್ದರು. ನೋಡುವವರಿಗೆ ಕೂಸು ಕುರ್ಚಿಯ ಮೇಲೆ ಕೂತಂತೆ. ಹಿಡಿದ ಕೈ ಮಾತ್ರ ಬಟ್ಟೆಯೊಳಗೆ. ಈಗ ಬಟ್ಟೆ ಹೋಗಿದೆ, ಕಂಪ್ಯೂಟರ್ ಬಂದಿದೆ. ಹಿಡಿದ ಕೈಯನ್ನು ಮರೆಮಾಡುವುದು ಹಾಗೇ ಇದೆ.

ಗಲ್ಲವನ್ನು ಎರಡೂ ಅಂಗೈ ಮೇಲಿಟ್ಟು, ಮೊಣಕೈ ಊರಿ ಮಲಗಿದ 'ಕಪ್ಪೆ ಭಂಗಿ'ಯ ಫೋಟೊ ನೀವು ನೋಡಿರಬಹುದು. ಯಾವ ಹಸಿ ಕೂಸೂ ಹಾಗೆ ಮಲಗುವುದಿಲ್ಲ, ಅದರ ಕತ್ತು ಅಷ್ಟು ಭಾರ ತಡೆಯುವುದೇ ಇಲ್ಲ. ಅದು ಎರಡು ಫೋಟೊ ಸೇರಿಸಿ ಮಾಡಿದ್ದು. ಒಂದರಲ್ಲಿ ಸಹಾಯಕಿ ಕೂಸಿನ ತಲೆ ಹಿಡಿದಿರುತ್ತಾಳೆ, ಇನ್ನೊಂದರಲ್ಲಿ ಮಣಿಕಟ್ಟು. ಆಮೇಲೆ ಎರಡನ್ನೂ ಕೂಡಿಸಿ ಕೈಗಳನ್ನು ಅಳಿಸುತ್ತಾರೆ. ತೂಗುವ ಜೋಳಿಗೆಯಲ್ಲಿ, ಮರದ ಕೊಂಬೆಯ ಮೇಲೆ ಮಲಗಿದಂತೆ ಕಾಣುವ ಫೋಟೊಗಳ ಗುಟ್ಟೂ ಇದೇ. ಇಂಥದ್ದನ್ನು ಇಂಟರ್‌ನೆಟ್ಟಿನಲ್ಲಿ ನೋಡಿ, ಕೂಡಿಸುವ ವಿದ್ಯೆ ಗೊತ್ತಿಲ್ಲದೆ, ಕೂಸನ್ನೇ ಬಗ್ಗಿಸಿ ಮಡಚಿ ತೆಗೆಯಲು ಹೊರಟವರಿಂದಲೇ ಅಪಾಯ. ಮದುವೆಯ ಆಲ್ಬಮ್ ಎಷ್ಟೇ ಚಂದ ಮಾಡಿರಲಿ, ಹಸಿ ಕೂಸನ್ನು ಎತ್ತಿ ಇಳಿಸುವ ರೂಢಿ ಇಲ್ಲದವರಿಗೆ ಇದು ಹೇಳಿದ ಕೆಲಸವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. "ಈ ಭಂಗಿ ಹ್ಯಾಂಗ ತಗೀತೀರಿ?" ಅಂತ ಮೊದಲೇ ಕೇಳಿ. ಎರಡು ಶಾಟ್ ತೆಗೆದು ಸೇರಿಸುತ್ತೇನೆ ಅಂದರೆ ಕೆಲಸ ಬಲ್ಲವರು. ಕೂಸು ತಾನೇ ಮಲಗುತ್ತದೆ ಬಿಡಿ ಅಂದರೆ, ಅವರನ್ನು ಮಗಳ ಮದುವೆಗೆ ಕರೆಯೋಣ, ಈಗ ಬೇಡ.

ಯಾವಾಗ ತೆಗೆಸಬೇಕು? ಹುಟ್ಟಿದ ಐದನೇ ದಿನದಿಂದ ಹದಿನಾಲ್ಕನೇ ದಿನದೊಳಗೆ ಎನ್ನುವುದು ಈ ಕಸುಬಿನವರ ಲೆಕ್ಕ. ಆಗ ಕೂಸು ಹೊಟ್ಟೆಯೊಳಗಿದ್ದಂತೆಯೇ ಕೈಕಾಲು ಮಡಚಿಕೊಂಡಿರುತ್ತದೆ, ದಿನದ ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಇರುತ್ತದೆ. ಎರಡು ಮೂರು ವಾರ ಕಳೆದರೆ ಕೈಕಾಲು ಚಾಚುತ್ತದೆ, ಮುಖದ ಮೇಲೆ ಸಣ್ಣ ಗುಳ್ಳೆಗಳೂ ಏಳಬಹುದು. ನಮ್ಮ ಕಡೆಯ ತೊಡಕು ಇಲ್ಲಿಯೇ. ಐದನೇ ದಿನವೆಂದರೆ ಸೆಟಿಗೆವ್ವ ಬಂದು ಹಣೆಬರಹ ಬರೆಯುವ ದಿನ ಎಂದು ನಂಬಿದ ಮನೆಗಳಿವೆ. ಬಾಣಂತಿ ಕೋಣೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಕ್ಯಾಮೆರಾದವರು ಬೇಕೆನ್ನುವ ದಿನಗಳೂ, ಕೂಸನ್ನು ಯಾರಿಗೂ ತೋರಿಸಬಾರದೆಂದು ಮನೆಯವರು ಕಾಯುವ ದಿನಗಳೂ ಒಂದೇ.

ಹಿರಿಯರ ಮಾತನ್ನು ಮೌಢ್ಯವೆಂದು ತಳ್ಳುವುದು ಸುಲಭ. ಫೋಟೊದಿಂದ ಆಯುಷ್ಯ ಕಡಿಮೆಯಾಗುವುದಿಲ್ಲ, ಅದು ಸರಿ. ಆದರೆ ಹೊರಗಿನವರು ಹಸಿ ಕೂಸಿನ ಹತ್ತಿರ ಸುಳಿಯದಿದ್ದರೆ ಸೋಂಕೂ ಸುಳಿಯುವುದು ಕಡಿಮೆ ಎಂಬುದನ್ನು ಡಾಕ್ಟರೂ ಒಪ್ಪುತ್ತಾರೆ. ಹಾಗಾಗಿ ಬರುವವರಿಗೆ ನೆಗಡಿ, ಕೆಮ್ಮು, ಜ್ವರ ಇರಬಾರದು. ಕೈಯನ್ನು ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಬೇಕು, ಉಂಗುರ ವಾಚು ತೆಗೆದಿಡಬೇಕು. ಹತ್ತು ಕೂಸುಗಳನ್ನು ಸುತ್ತಿದ ಬಟ್ಟೆಯನ್ನು ತೊಳೆಯದೆ ನಿಮ್ಮ ಕೂಸಿಗೆ ಸುತ್ತಕೂಡದು. ಇಷ್ಟನ್ನು ಅಜ್ಜಿಯ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಫೋಟೊಗ್ರಾಫರು ನಕ್ಕು ಸುಮ್ಮನಾಗಬಹುದು, ಅಜ್ಜಿ ಹೇಳಿದರೆ ತೊಳೆಯುತ್ತಾರೆ.

ಬಾಣಂತಿ ಕೋಣೆಗೆ ಹೆಣ್ಣು ಫೋಟೊಗ್ರಾಫರೇ ಬರಲಿ ಎಂದು ಬಯಸುವ ಮನೆಗಳೂ ಉಂಟು. ಇದು ಹೊಸ ಬೇಡಿಕೆಯಲ್ಲ. ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1892ರಲ್ಲಿ, ಹೆಸರಾಂತ ಛಾಯಾಗ್ರಾಹಕ ರಾಜಾ ದೀನ್‌ದಯಾಳರು ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಗಂಡಸರ ನೆರಳೂ ಬೀಳದಂತೆ ಕಟ್ಟಿದ ಆ ಸ್ಟುಡಿಯೊದ ನೆನಪು ಇಲ್ಲಿ ಬಂದಿದ್ದೇಕೆಂದರೆ, ಹೊಲಿಗೆ, ಬ್ಯೂಟಿ ಪಾರ್ಲರ್ ತರಬೇತಿ ಪಡೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದೂ ಒಂದು ಒಳ್ಳೆಯ ಕಸುಬಾದೀತು. ಕೂಸನ್ನು ಎತ್ತಿಕೊಳ್ಳುವುದನ್ನು ಅವರಿಗೆ ಹೊಸದಾಗಿ ಕಲಿಸಬೇಕಿಲ್ಲ, ಕ್ಯಾಮೆರಾ ಕಲಿಸಿದರೆ ಸಾಕು.

ಶೂಟಿಂಗ್ ದಿನ ಏನಾಗುತ್ತದೆ ಎಂಬುದಕ್ಕೆ ಬರೋಣ. ಎರಡರಿಂದ ನಾಲ್ಕು ತಾಸು ಹಿಡಿಯುತ್ತದೆ. ಅಷ್ಟೂ ಹೊತ್ತು ಕ್ಯಾಮೆರಾ ಕ್ಲಿಕ್ಕಿಸುತ್ತಿರುತ್ತದೆ ಅಂದುಕೊಳ್ಳಬೇಡಿ. ಹೆಚ್ಚಿನ ಹೊತ್ತು ಹೋಗುವುದು ಹಾಲು ಕುಡಿಸಲು, ತೇಗು ಬರಿಸಲು, ಬಟ್ಟೆ ಬದಲಿಸಲು, ಮತ್ತೆ ಮಲಗಿಸಲು. ಬಟ್ಟೆ ಬಿಚ್ಚಿದ ಕೂಸು ಉಚ್ಚೆ ಹೊಯ್ಯುತ್ತದೆ, ಹೊಯ್ದೇ ಹೊಯ್ಯುತ್ತದೆ. ಅದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ, ಕಸುಬಿನವರು ಬಟ್ಟೆಯಡಿ ಪ್ಲಾಸ್ಟಿಕ್ ಹಾಸಿಕೊಂಡೇ ಬಂದಿರುತ್ತಾರೆ. ಕೂಸು ಹೊಟ್ಟೆ ತುಂಬಿ ಮಲಗಿದರೆ ಅರ್ಧ ಕೆಲಸ ಮುಗಿದಂತೆ. ಬಟ್ಟೆಯಲ್ಲಿ ಸುತ್ತಿದರೆ ಅದು ಅಷ್ಟಾಗಿ ಬೆಚ್ಚಿ ಬೀಳುವುದಿಲ್ಲ. ಸದ್ದಾದಾಗ ಎರಡೂ ಕೈ ಚಾಚಿ ಬೆಚ್ಚುವುದು ಎಳೆಗೂಸಿನ ಸಹಜ ಪ್ರತಿಕ್ರಿಯೆ, ನಾಲ್ಕಾರು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ನಮ್ಮಲ್ಲಿ ಹಳೆಯ ಮೆತ್ತನೆ ಸೀರೆಯಲ್ಲಿ ಕೂಸನ್ನು ಸುತ್ತಿಡುವ ರೂಢಿ ಇದ್ದೇ ಇದೆ. ಅದನ್ನೇ ಬಣ್ಣದ ನೂಲಿನ ಬಟ್ಟೆಯಲ್ಲಿ ಮಾಡಿ 'ರ‍್ಯಾಪ್' ಎನ್ನುತ್ತಾರೆ, ಅಷ್ಟೆ. ಸುತ್ತುವಾಗ ಎದೆಯ ಮೇಲೆ ಬಿಗಿಯಾಗಬಾರದು, ಸೊಂಟದ ಕೆಳಗೆ ಕಾಲಾಡಲು ಸಡಿಲವಿರಬೇಕು.

ಕೋಣೆಯ ಶಾಖದ ವಿಚಾರದಲ್ಲಿ ಮಾತ್ರ ಹೊರದೇಶದ ಪಾಠವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬಟ್ಟೆ ಬಿಚ್ಚಿದ ಕೂಸಿಗೆ ಚಳಿಯಾಗಬಾರದೆಂದು ಅಲ್ಲಿ ಹೀಟರ್ ಹಚ್ಚಿ ಕೋಣೆಯನ್ನು 26, 28 ಡಿಗ್ರಿಗೆ ತರುತ್ತಾರೆ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ಇಲ್ಲಿ ಚಿಂತೆ ಮಾಡಬೇಕಾದ್ದು ಸೆಖೆಗೆ. ಕೂಸಿನ ಮೈಶಾಖ 36.5ರಿಂದ 37.5 ಡಿಗ್ರಿಯೊಳಗಿರಬೇಕು. ಕತ್ತಿನ ಹಿಂಭಾಗ ಬೆವೆತಿದ್ದರೆ, ಮೈ ಕೆಂಪಾಗಿ ಉಸಿರು ಜೋರಾಗಿದ್ದರೆ ಉಣ್ಣೆಯ ಟೋಪಿ, ತುಪ್ಪಳದ ಹಾಸು ಎಲ್ಲ ತೆಗೆಸಿಬಿಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಮುಗಿಸುವುದು ವಾಸಿ, ಡಿಸೆಂಬರಿನಲ್ಲಿ ಬಿಸಿಲೇರಿದ ಮೇಲೆ.

ಜವಳಗೇರಾದಿಂದ ಹಸಿ ಕೂಸನ್ನು ಧೂಳಿನ ರಸ್ತೆಯಲ್ಲಿ ಪೇಟೆಯ ಸ್ಟುಡಿಯೊಗೆ ಒಯ್ಯುವುದಕ್ಕಿಂತ ಫೋಟೊಗ್ರಾಫರನ್ನೇ ಮನೆಗೆ ಕರೆಸುವುದು ಮೇಲು. ಬೇಕಾದ್ದು ಒಂದು ಕಿಟಕಿ, ಅದರಿಂದ ಬರುವ ಮೆದು ಬೆಳಕು. ಆ ಬೆಳಕು ಕೂಸಿನ ತಲೆಯ ಕಡೆಯಿಂದ ಓರೆಯಾಗಿ ಇಳಿದರೆ ಮುಖ ಮುದ್ದಾಗಿ ಮೂಡುತ್ತದೆ, ಗಲ್ಲದ ಕೆಳಗಿಂದ ಬಿದ್ದರೆ ಮುಖವೇ ಬೇರೆಯಾಗುತ್ತದೆ. ಮೇಲಿಂದ ಬಾಗಿ ತೆಗೆಯುವಾಗ ಕ್ಯಾಮೆರಾದ ಪಟ್ಟಿ ಕೊರಳಲ್ಲಿರಲೇಬೇಕು, ಕೈಜಾರಿದರೆ ಕೆಳಗಿರುವುದು ಕೂಸು. ಇದೊಂದನ್ನು ನೀವೇ ಕಣ್ಣಿಟ್ಟು ನೋಡಿ.

ಬುಟ್ಟಿ, ರೆಕ್ಕೆ, ಪ್ಲಾಸ್ಟಿಕ್ ಹೂವು ಯಾಕೆ ಬೇಕೋ ನನಗೆ ತಿಳಿಯದು. ಮುತ್ತಜ್ಜಿ ಹೊಲಿದ ಕೌದಿ ಮನೆಯಲ್ಲಿದೆ, ಅದರ ಮೇಲೆ ಮಲಗಿಸಿ. ಕುಂಚಿಗಿ ತೊಡಿಸಿ. ತವರಿನವರು ತಂದಿಟ್ಟ ಕಲಘಟಗಿಯ ಬಣ್ಣದ ತೊಟ್ಟಿಲಿದ್ದರೆ ಅದಕ್ಕಿಂತ ಚಂದದ ಹಿನ್ನೆಲೆ ಯಾವ ಸ್ಟುಡಿಯೊದಲ್ಲೂ ಸಿಗುವುದಿಲ್ಲ, ಪುರಾಣದ ಚಿತ್ರಗಳನ್ನು ಕೈಯಲ್ಲೇ ಬರೆದ ತೊಟ್ಟಿಲು ಅದು. ಎಲ್ಲಕ್ಕಿಂತ ಮುಖ್ಯವಾಗಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವ ಅಜ್ಜಿಯ ಫೋಟೊ ತೆಗೆಸಿ. ಆ ಕೈಗಳನ್ನು ಯಾವ ಕಂಪ್ಯೂಟರಿನಲ್ಲೂ ಅಳಿಸಬೇಡಿ. ದೃಷ್ಟಿ ಬೊಟ್ಟು ಅಂಗಾಲಿಗೋ ಗಲ್ಲಕ್ಕೋ ಇರಲಿ, ಕಣ್ಣಿಗೆ ಕಾಡಿಗೆ ಬೇಡ. ಲೋಬಾನದ ಹೊಗೆಯನ್ನು ಫೋಟೊ ಚಂದ ಬರುತ್ತದೆಂದು ಕೂಸಿನ ಮುಂದೆ ಹಾಕಿಸಬೇಡಿ.

ಕೆಲವು ಕೂಸುಗಳಿಗೆ ಶೂಟಿಂಗೇ ಬೇಡ, ಅಥವಾ ಈಗಲೇ ಬೇಡ. ಎರಡೂವರೆ ಕೆಜಿಗಿಂತ ಕಡಿಮೆ ತೂಕದ್ದು, ದಿನ ತುಂಬುವ ಮೊದಲೇ ಹುಟ್ಟಿದ್ದು, ಹಾಲು ಸರಿಯಾಗಿ ಕುಡಿಯದ್ದು ತಾಯಿಯ ಎದೆಗಂಟಿಕೊಂಡೇ ಇರಲಿ. ಆರೋಗ್ಯವಾಗಿದ್ದ ಕೂಸು ಕೂಡ ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಇಳಿದು ಎರಡು ವಾರದ ಹೊತ್ತಿಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತದೆ. ಇನ್ನು ಕಾಮಾಲೆ. ಎರಡು ಮೂರನೇ ದಿನಕ್ಕೆ ಬಹಳಷ್ಟು ಕೂಸುಗಳು ಹಳದಿಯಾಗುತ್ತವೆ. ಕತ್ತಲ ಬಾಣಂತಿ ಕೋಣೆಯಲ್ಲಿ ಅದು ಕಾಣುವುದಿಲ್ಲ, ಕಿಟಕಿಯ ಬೆಳಕಿಗೆ ತಂದಾಗ ಕಾಣುತ್ತದೆ. ಅಂಗೈ ಅಂಗಾಲು ಹಳದಿಯಾಗಿದ್ದರೆ, ಕೂಸು ಮಂಕಾಗಿದ್ದರೆ ಕ್ಯಾಮೆರಾ ಮುಚ್ಚಿ ಆಸ್ಪತ್ರೆಗೆ ಹೊರಡಿ. ಹಳದಿಯನ್ನು ಫೋಟೊದಲ್ಲಿ ಅಳಿಸುವುದು ಎರಡು ನಿಮಿಷದ ಕೆಲಸ, ಮೈಯಲ್ಲಿರುವುದನ್ನಲ್ಲ.

ಮಚ್ಚೆಗಳನ್ನು ಅಳಿಸಬೇಡಿರೆಂದು ಹೇಳಿಬಿಡಿ. ನಮ್ಮ ಕೂಸುಗಳ ಬೆನ್ನ ಕೆಳಗಿರುವ ನೀಲಿ ಮಚ್ಚೆ ವರ್ಷಗಳು ಕಳೆದಂತೆ ತಾನೇ ಮಾಯವಾಗುತ್ತದೆ. ಫೋಟೊದಲ್ಲಾದರೂ ಉಳಿಯಲಿ. ಭುಜದ ಮೇಲಿನ ನವಿರು ಕೂದಲು, ಸಿಪ್ಪೆ ಏಳುತ್ತಿರುವ ಪಾದ ಇವೂ ಇರಲಿ.

ದುಡ್ಡಿನ ಮಾತನ್ನು ಏಳನೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಹೆರಿಗೆ ದಿನ ಹಿಂದುಮುಂದಾಗುತ್ತದೆ, ಮುಂಗಡ ಕೊಟ್ಟಿದ್ದರೆ ಅದಕ್ಕೆ ಹೊಂದಿಕೊಳ್ಳುತ್ತಾರಾ ಎಂದು ಕೇಳಿ. ಎಷ್ಟು ಫೋಟೊ ತಿದ್ದಿ ಕೊಡುತ್ತಾರೆ, ಉಳಿದವನ್ನು ಪೆನ್‌ಡ್ರೈವಿನಲ್ಲಿ ಕೊಡುತ್ತಾರೋ ಇಲ್ಲವೋ, ತಮ್ಮ ಜಾಹೀರಾತಿಗೆ ನಿಮ್ಮ ಕೂಸಿನ ಮುಖ ಬಳಸುತ್ತಾರೋ ಎಂಬುದನ್ನು ಬರೆಸಿಕೊಳ್ಳಿ. ಬೇಡವೆನ್ನುವ ಹಕ್ಕು ನಿಮ್ಮದು, ಅದಕ್ಕೆ ಸಂಕೋಚ ಬೇಡ.

ಮೊಬೈಲು ಕಳೆಯುತ್ತದೆ, ಒಡೆಯುತ್ತದೆ. ಆದ್ದರಿಂದ ಮೂರು ಫೋಟೊಗಳನ್ನಾದರೂ ಕಾಗದದ ಮೇಲೆ ಹಾಕಿಸಿ, ಹಿಂಬದಿಗೆ ಹುಟ್ಟಿದ ದಿನ, ತೂಕ, ಊರು ಬರೆದಿಡಿ. ಒಂದು ಗಂಡನ ಮನೆಗೆ, ಒಂದು ತವರಿಗೆ, ಇನ್ನೊಂದು ನೀರೆರೆದ ಅಜ್ಜಿಗೆ.