ಹೊಸ ವಿದ್ಯುತ್ ಉಪಕರಣದಲ್ಲಿ ದೋಷ: ಗ್ರಾಹಕನ ಹಕ್ಕು, ವರ್ತಕನ ಹೊಣೆ

ಹೊಸದಾಗಿ ಖರೀದಿಸಿದ ಫ್ರಿಜ್, ಟಿ.ವಿ., ಮಿಕ್ಸರ್ ಅಥವಾ ಕೊಳವೆಬಾವಿಯ ಪಂಪ್‌ಸೆಟ್ ಕೆಲವೇ ದಿನಗಳಲ್ಲಿ ಕೆಟ್ಟು ನಿಂತರೆ ಗ್ರಾಹಕನು ಮೊದಲು ಬರುವುದು ಅದನ್ನು ಮಾರಿದ ಅಂಗಡಿಗೆ. ಅಲ್ಲಿ ಸಾಮಾನ್ಯವಾಗಿ ಆತನಿಗೆ ದೊರೆಯುವ ಉತ್ತರಗಳು ಎರಡು. ಒಂದು, ‘ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ’ ಎಂಬುದು. ಇನ್ನೊಂದು, ಬಿಲ್ಲಿನ ಅಡಿಯಲ್ಲಿ ಅಚ್ಚಾಗಿರುವ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲು. ಮೊದಲನೆಯದು ಅನುಕೂಲದ ಮಾತು, ಎರಡನೆಯದು ಹಳೆಯ ರೂಢಿಯ ಮಾತು. ಇವೆರಡರಿಂದಲೂ ವರ್ತಕನ ಹೊಣೆ ತಪ್ಪುವುದಿಲ್ಲ ಎಂಬ ಸಂಗತಿ ಗ್ರಾಹಕರಿಗಿಂತ ಹೆಚ್ಚಾಗಿ ವರ್ತಕರೇ ತಿಳಿದಿರಬೇಕಾದದ್ದು.

1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಈಗ 2019ರ ಕಾಯಿದೆ ಇದೆ. ಅದರ ಪ್ರಮುಖ ಕಲಂಗಳು 2020ರ ಜುಲೈ 20ರಿಂದ ಜಾರಿಗೆ ಬಂದವು. ಅನುಚಿತ ವ್ಯಾಪಾರ ಪದ್ಧತಿ ಎಂದರೇನೆಂಬುದನ್ನು ವಿವರಿಸುವ ಇದರ 2(47)ನೇ ಕಲಮಿಗೆ ಹಳೆಯ ಕಾಯಿದೆಯಲ್ಲಿ ಇಲ್ಲದ ಎರಡು ಅಂಶಗಳು ಸೇರಿವೆ. ಮಾರಾಟ ಮಾಡಿ ಬಿಲ್ ಕೊಡದಿರುವುದು ಒಂದು. ದೋಷಯುಕ್ತ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಮತ್ತೊಂದು. ಬಿಲ್ಲಿನಲ್ಲಿ ಒಂದು ಅವಧಿಯನ್ನು ನಮೂದಿಸಿದ್ದರೆ ಆ ಅವಧಿಯೊಳಗೆ, ನಮೂದಿಸದಿದ್ದರೆ 30 ದಿನಗಳೊಳಗೆ ಹೀಗೆ ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಆದುದರಿಂದ ಬಿಲ್ ಪುಸ್ತಕದ ಆ ಹಳೆಯ ಸಾಲು ವರ್ತಕನಿಗೆ ರಕ್ಷಣೆ ನೀಡುವುದಿಲ್ಲ; ಆಯೋಗದ ಮುಂದೆ ಅದು ಆತನ ವಿರುದ್ಧವೇ ಸಾಕ್ಷಿಯಾಗಬಹುದು. ಆದರೆ ಇಲ್ಲಿ ಗ್ರಾಹಕರೂ ಒಂದು ಮಾತನ್ನು ಗಮನಿಸಬೇಕು. ಈ ಹಕ್ಕು ದೋಷವಿರುವ ಸರಕಿಗೆ ಮಾತ್ರ. ಬಣ್ಣ ಹಿಡಿಸಲಿಲ್ಲ, ಪಕ್ಕದ ಅಂಗಡಿಯಲ್ಲಿ ಐದುನೂರು ರೂಪಾಯಿ ಕಡಿಮೆ ಇತ್ತು ಎಂಬ ಕಾರಣಕ್ಕೆ ಮಾಲನ್ನು ಹಿಂದಿರುಗಿಸುವ ಹಕ್ಕನ್ನು ಯಾವ ಕಾಯಿದೆಯೂ ಕೊಟ್ಟಿಲ್ಲ.

ಮಾರಾಟಗಾರನ ಹೊಣೆ 2019ರಲ್ಲಿ ಹುಟ್ಟಿದ್ದೂ ಅಲ್ಲ. 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನ ಪ್ರಕಾರ, ಒಂದು ಬಗೆಯ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ಆ ಸರಕನ್ನು ವಿವರಣೆಯ ಮೇಲೆ ಕೊಂಡಾಗ, ಅದು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ಬರೆಯದಿದ್ದರೂ ಒಪ್ಪಂದದಲ್ಲಿ ಅಡಕವಾಗಿರುತ್ತದೆ. ಗ್ರಾಹಕನ ಒಪ್ಪಂದ ಇರುವುದು ಅಂಗಡಿಯವರೊಡನೆ. ಕಂಪನಿಯ ವಾರಂಟಿ ಅದರ ಮೇಲೆ ಬಂದ ಹೆಚ್ಚುವರಿ ಭರವಸೆ. ತಯಾರಿಕೆಯಲ್ಲೇ ದೋಷವಿದ್ದಾಗ ಅಂತಿಮ ಹೊಣೆ ತಯಾರಕನದು ಎಂದು ಆಯೋಗಗಳು ಹೇಳಿದ ಪ್ರಕರಣಗಳಿವೆ, ಇಬ್ಬರ ಮೇಲೂ ಜಂಟಿಯಾಗಿ ಹೊರಿಸಿದ ಪ್ರಕರಣಗಳೂ ಇವೆ. ಹೇಗಾದರೂ ದೂರಿನಲ್ಲಿ ಮೊದಲ ಎದುರುದಾರನಾಗಿ ನಿಲ್ಲುವವನು ಹೆಚ್ಚಾಗಿ ಊರಿನ ವರ್ತಕನೇ.

ದೂರನ್ನು ಎಲ್ಲಿ ಸಲ್ಲಿಸಬೇಕು ಎಂಬ ಪ್ರಶ್ನೆ ಹರಪನಹಳ್ಳಿಯ ಮಟ್ಟಿಗೆ ಬರಿಯ ತಾಂತ್ರಿಕ ಪ್ರಶ್ನೆಯಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹೊಸಪೇಟೆಗಳೊಡನೆ ವಿಜಯನಗರ ಜಿಲ್ಲೆಯಾಯಿತು. ಕಾಲು ಶತಮಾನದೊಳಗೆ ಜಿಲ್ಲೆ ಮೂರು ಬಾರಿ ಬದಲಾದರೂ ಖರೀದಿಯ ದಾರಿ ಮಾತ್ರ ಬದಲಾಗಲಿಲ್ಲ, ದೊಡ್ಡ ಟಿ.ವಿ., ಹವಾನಿಯಂತ್ರಕಗಳಿಗೆ ಇಲ್ಲಿಯ ಜನ ಈಗಲೂ ದಾವಣಗೆರೆಯ ಮಳಿಗೆಗಳಿಗೇ ಹೋಗುತ್ತಾರೆ. 1986ರ ಕಾಯಿದೆಯ ಪ್ರಕಾರ ಎದುರುದಾರನ ವಾಸ ಅಥವಾ ವ್ಯಾಪಾರವಿರುವಲ್ಲಿ, ಇಲ್ಲವೇ ವ್ಯಾಜ್ಯಕಾರಣ ಉಂಟಾದಲ್ಲಿ ದೂರು ಸಲ್ಲಿಸಬೇಕಾಗಿತ್ತು. ಹುಬ್ಬಳ್ಳಿಯಲ್ಲಿ ಕೊಂಡ ಮಿಕ್ಸರಿಗಾಗಿ ಧಾರವಾಡಕ್ಕೆ ಅಲೆಯುವ ಖರ್ಚು ಮಿಕ್ಸರಿನ ಬೆಲೆಯನ್ನೇ ಮೀರುತ್ತಿದ್ದುದರಿಂದ ಎಷ್ಟೋ ಜನ ಸುಮ್ಮನಾಗುತ್ತಿದ್ದರು. ಹೊಸ ಕಾಯಿದೆಯ 34ನೇ ಕಲಂ ದೂರುದಾರನು ವಾಸಿಸುವ ಅಥವಾ ಸ್ವತಃ ದುಡಿಯುವ ಸ್ಥಳವನ್ನೂ ಇದಕ್ಕೆ ಸೇರಿಸಿದೆ. ಮಾಲನ್ನು ದಾವಣಗೆರೆಯಲ್ಲಿ ಕೊಂಡಿರಲಿ, ಬೆಂಗಳೂರಿನಲ್ಲಿ ಕೊಂಡಿರಲಿ, ಅಂತರ್ಜಾಲದ ಮೂಲಕ ತರಿಸಿರಲಿ, ಹರಪನಹಳ್ಳಿಯ ಗ್ರಾಹಕನು ತನ್ನ ಊರಿನ ಮೇಲೆ ಅಧಿಕಾರವುಳ್ಳ ಜಿಲ್ಲಾ ಆಯೋಗದ ಮುಂದೆಯೇ ದೂರು ಸಲ್ಲಿಸಬಹುದು. ನಮ್ಮ ವರ್ತಕರಿಗೂ ಇದು ಅನ್ವಯಿಸುತ್ತದೆ: ಇಲ್ಲಿಂದ ಮಾಲು ಒಯ್ದ ರಾಣೆಬೆನ್ನೂರಿನ ಗ್ರಾಹಕನು ಹಾವೇರಿ ಜಿಲ್ಲೆಯಲ್ಲಿ ದೂರು ಹೂಡಿದರೆ ಉತ್ತರ ಅಲ್ಲಿಯೇ ಕೊಡಬೇಕಾಗುತ್ತದೆ.

ಸರಕಿಗೆ ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ದೂರನ್ನು ವಿದ್ಯುನ್ಮಾನ ವಿಧಾನದಲ್ಲಿಯೂ ಸಲ್ಲಿಸಬಹುದಾಗಿದ್ದು, 2025ರ ಜನವರಿ 1ರಿಂದ ಇದಕ್ಕೆ ಇ-ಜಾಗೃತಿ ಎಂಬ ವ್ಯವಸ್ಥೆ ಬಂದಿದೆ. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷ ಕಾಲಮಿತಿ. ಅದಕ್ಕೂ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ಕರೆ ಮಾಡಿದರೆ ಎಷ್ಟೋ ದೂರುಗಳು ಅಲ್ಲಿಯೇ ಮುಗಿಯುತ್ತವೆ.

ಗ್ರಾಹಕ ಯಾರು?

ಮದುವೆಯ ಕಾಲದಲ್ಲಿ ಫ್ರಿಜ್, ವಾಷಿಂಗ್ ಮಷೀನ್‌ಗಳನ್ನು ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೇ ಎಂದು 2(7)ನೇ ಕಲಂ ಹೇಳುವುದರಿಂದ, ಬಿಲ್ ಮಾವನ ಹೆಸರಿನಲ್ಲಿದ್ದರೂ ಮಗಳು ಅಥವಾ ಅಳಿಯ ದೂರು ಕೊಡಲು ಅಡ್ಡಿಯಿಲ್ಲ. ಇಲ್ಲಿ ತೊಡಕಾಗುವುದು ದಿನಗಳ ಲೆಕ್ಕ. ಉಡುಗೊರೆಯ ಪೆಟ್ಟಿಗೆ ಹೊಸ ಮನೆಯ ಮೂಲೆಯಲ್ಲಿ ಒಂದೂವರೆ ತಿಂಗಳು ಬಿಚ್ಚದೆ ಕುಳಿತಿರುತ್ತದೆ. ಬಿಲ್ಲಿನ ದಿನಾಂಕದಿಂದ 30 ದಿನಗಳು ಅಷ್ಟರಲ್ಲಿ ಕಳೆದಿರುತ್ತವೆ. ವಾರಂಟಿಯ ಹಕ್ಕು ಆಗಲೂ ಉಳಿದಿರುತ್ತದೆಯಾದರೂ ಮಾಲು ವಾಪಸು ಕೇಳುವ ಬಲವಾದ ಅವಕಾಶ ಕೈತಪ್ಪಿರುತ್ತದೆ. ಉಡುಗೊರೆಯ ಮಾಲನ್ನು ತಲುಪಿಸಿದ ದಿನವೇ ಬಿಚ್ಚಿ ನಡೆಸಿ ತೋರಿಸಿ, ಗ್ರಾಹಕನ ಸಹಿ ಪಡೆಯುವ ಅಂಗಡಿಗಳಿಗೆ ಈ ಜಗಳವೇ ಇರುವುದಿಲ್ಲ.

ವಾಣಿಜ್ಯ ಉದ್ದೇಶಕ್ಕೆ ಅಥವಾ ಮರುಮಾರಾಟಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವುದು ವಾಣಿಜ್ಯ ಉದ್ದೇಶವಾಗುವುದಿಲ್ಲ. ಬಸ್ ನಿಲ್ದಾಣದ ಬಳಿ ತಾನೇ ನಿಂತು ತಂಪು ಪಾನೀಯ ಮಾರುವವನ ಡೀಪ್ ಫ್ರೀಜರ್ ಈ ರಕ್ಷಣೆಯೊಳಗೆ ಬರುತ್ತದೆ. ಹತ್ತು ಜನ ನೌಕರರಿರುವ ಹೋಟೆಲಿನ ಫ್ರೀಜರ್ ಬರುವುದು ಕಷ್ಟ. ರೈತನ ವಿಷಯದಲ್ಲಿ ಹೆಚ್ಚು ಸಂದೇಹಕ್ಕೆ ಎಡೆಯಿಲ್ಲ. ಬೀಜದ ವ್ಯಾಜ್ಯವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ರೈತರನ್ನು ಗ್ರಾಹಕರೆಂದೇ ಪರಿಗಣಿಸಿತು. ಕೊಳವೆಬಾವಿಯನ್ನೇ ನೆಚ್ಚಿಕೊಂಡ ಈ ಭಾಗದಲ್ಲಿ ಸಬ್‌ಮರ್ಸಿಬಲ್ ಪಂಪು ಒಂದು ವಾರ ನಿಂತರೆ ನಷ್ಟವಾಗುವುದು ಪಂಪಿನ ಬೆಲೆಯಷ್ಟೇ ಅಲ್ಲ, ನಿಂತ ಬೆಳೆಯೂ ಹೌದು. ಬೆಲೆಯ ವಾಪಸಾತಿಯ ಜೊತೆಗೆ ಪರಿಹಾರವನ್ನೂ ವಿಧಿಸಲು 39ನೇ ಕಲಂ ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ಬೆಳೆಯ ನಷ್ಟಕ್ಕೆ ಮಾತ್ರ ಪ್ರತ್ಯೇಕ ರುಜುವಾತು ಬೇಕು.

ರುಜುವಾತಿನ ಮಾತು

ದೋಷವಿದೆಯೆಂದು ತೋರಿಸುವ ಹೊಣೆ ಮೊದಲಿಗೆ ದೂರುದಾರನದು. ಬಹಳ ಪ್ರಕರಣಗಳು ಬೀಳುವುದು ಇಲ್ಲಿಯೇ. ಕಂಪನಿಯ ತಂತ್ರಜ್ಞನು ಪ್ರತಿ ಭೇಟಿಯಲ್ಲಿ ಬರೆಯುವ ಜಾಬ್ ಶೀಟ್ ಇದರಲ್ಲಿ ಅತಿ ಮುಖ್ಯ ದಾಖಲೆ. ಎರಡು ತಿಂಗಳಲ್ಲಿ ನಾಲ್ಕು ಭೇಟಿ, ನಾಲ್ಕು ಬಾರಿಯೂ ಕಂಪ್ರೆಸರಿನ ದೂರು ಎಂದು ನಾಲ್ಕು ಜಾಬ್ ಶೀಟುಗಳು ಹೇಳಿದರೆ ಅದು ಹತ್ತು ಪುಟದ ದೂರಿಗಿಂತ ಬಲವಾದದ್ದು. ಅದರಲ್ಲಿ ‘ವೋಲ್ಟೇಜ್ ಏರಿಳಿತದಿಂದ ಹಾನಿ’ ಎಂದು ಬರೆದು ವಾರಂಟಿ ನಿರಾಕರಿಸುವ ವಾಡಿಕೆಯೂ ಇದೆ. ಆ ಹಾಳೆಗೆ ಓದದೆ ಸಹಿ ಮಾಡಿದ ಗ್ರಾಹಕನು ತನ್ನ ಪ್ರಕರಣವನ್ನು ಅಲ್ಲಿಯೇ ದುರ್ಬಲಗೊಳಿಸಿಕೊಂಡಂತೆ. ಒಪ್ಪಿಗೆಯಿಲ್ಲದಿದ್ದರೆ ‘ಒಪ್ಪಿಲ್ಲ’ ಎಂದು ಬರೆದು ಸಹಿ ಮಾಡಬೇಕು. ವಾರಂಟಿಯ ವಿನಾಯಿತಿಯನ್ನು ಮುಂದೊಡ್ಡುವವರು ಅದನ್ನು ತೋರಿಸಿಕೊಡಬೇಕು. 230 ವೋಲ್ಟಿನ ಸರಬರಾಜು ಎಷ್ಟಕ್ಕೆ ಏರಿತ್ತು, ಎಷ್ಟಕ್ಕೆ ಇಳಿದಿತ್ತು ಎಂಬ ಯಾವ ಅಳತೆಯೂ ಇಲ್ಲದ ಒಂದು ಸಾಲಿಗೆ ಹೆಚ್ಚಿನ ಬೆಲೆ ಸಿಗಬಾರದು.

ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಣಯಿಸಲಾಗದಿದ್ದರೆ ಆಯೋಗವು ಸರಕನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು; ವರದಿಗೆ 45 ದಿನಗಳ ಅವಧಿಯಿದೆ. ಅದರ ಜೊತೆಗೆ ಅರ್ಹ ತಂತ್ರಜ್ಞರ ವರದಿಯನ್ನು ಪ್ರಮಾಣಪತ್ರದೊಡನೆ ಹಾಜರುಪಡಿಸುವುದು ಒಳ್ಳೆಯದು. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಹಾಗೆ ಮುಗಿಯುವುದು ವಿರಳ. ಆದರೆ ಎದುರುದಾರನ ಲಿಖಿತ ಉತ್ತರದ ಗಡುವು ಮಾತ್ರ ಬಿಗಿಯಾದದ್ದು: 30 ದಿನ, ಹೆಚ್ಚೆಂದರೆ ಇನ್ನು 15. ಹಳೆಯ ಕಾಯಿದೆಯಲ್ಲಿದ್ದ ಇದೇ ಗಡುವನ್ನು ಮೀರಿ ಕಾಲಾವಕಾಶ ಕೊಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2020ರ ಮಾರ್ಚ್ 4ರಂದು ತೀರ್ಪಿತ್ತಿದೆ. ಆಯೋಗದ ನೋಟೀಸನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಮರೆಯುವ ವರ್ತಕನು ತನ್ನ ಮಾತು ಹೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ.

ದೋಷ ಸಾಬೀತಾದ ಮಾತ್ರಕ್ಕೆ ಹೊಸ ಉಪಕರಣವೇ ಸಿಗುತ್ತದೆಂಬ ಭಾವನೆಯೂ ಸರಿಯಲ್ಲ. ಮಾರುತಿ ಕಾರಿನ ಪ್ರಕರಣವೊಂದರಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾರಂಟಿ ಇರುವುದು ಕೆಟ್ಟ ಭಾಗದ ದುರಸ್ತಿ ಅಥವಾ ಬದಲಾವಣೆಗಾದರೆ ಇಡೀ ವಾಹನವನ್ನೇ ಬದಲಿಸಿಕೊಡಲು ಆದೇಶಿಸುವುದು ಸರಿಯಲ್ಲವೆಂದಿತು. ಆದ್ದರಿಂದ ಒಂದು ಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೂ, ಎಷ್ಟು ದುರಸ್ತಿ ಮಾಡಿದರೂ ಮರುಕಳಿಸುವ ದೋಷಕ್ಕೂ ಇರುವ ವ್ಯತ್ಯಾಸವನ್ನು ದೂರಿನಲ್ಲಿ ಸ್ಪಷ್ಟಪಡಿಸಬೇಕು. ಗೀಸರ್ ಸಿಡಿದು ಗಾಯವಾದರೆ, ವೈರಿಂಗ್ ದೋಷದಿಂದ ಮನೆಗೆ ಬೆಂಕಿ ತಗುಲಿದರೆ ಅದು ಉತ್ಪನ್ನ ಹೊಣೆಗಾರಿಕೆಯೆಂಬ ಪ್ರತ್ಯೇಕ ಅಧ್ಯಾಯಕ್ಕೆ ಬರುತ್ತದೆ. ಅದರ 86ನೇ ಕಲಮಿನಂತೆ ತಯಾರಕನಾರೆಂದು ಗೊತ್ತಿಲ್ಲದ ಮಾಲನ್ನು ಮಾರಿದವನೇ ಹೊಣೆಗಾರ. ಐ.ಎಸ್.ಐ. ಗುರುತಿಲ್ಲದ ಅಗ್ಗದ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡುಗಳನ್ನು ಅಂಗಡಿಯಲ್ಲಿ ಇಡುವವರು ಇದನ್ನು ಯೋಚಿಸಬೇಕು.

ವರ್ತಕನ ಲೆಕ್ಕಪತ್ರ

ಮಾಲು ವಾಪಸು ಪಡೆದರೆ ತೆರಿಗೆ ನಷ್ಟವಾಗುತ್ತದೆಂಬ ಭಯ ಅನೇಕ ವರ್ತಕರಲ್ಲಿದೆ. ಉದಾಹರಣೆಗೆ 20,000 ರೂಪಾಯಿಯ ಫ್ರಿಜ್ಜಿಗೆ ಶೇ. 18ರಂತೆ 3,600 ರೂಪಾಯಿ ಜಿ.ಎಸ್.ಟಿ. ಸೇರಿ 23,600 ರೂಪಾಯಿ ಬಿಲ್ ಆಗಿದೆ ಎಂದಿಟ್ಟುಕೊಳ್ಳೋಣ. ಹಣವನ್ನು ಪೂರ್ತಿ ಮರಳಿಸಿ 34ನೇ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ ರಿಟರ್ನಿನಲ್ಲಿ ತೋರಿಸಿದರೆ ಆ 3,600 ರೂಪಾಯಿ ತೆರಿಗೆ ಹೊಣೆಯಿಂದ ಕಡಿಮೆಯಾಗುತ್ತದೆ. ಇದಕ್ಕೆ ಮಾರಾಟ ನಡೆದ ಹಣಕಾಸು ವರ್ಷದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು ಗಡುವು. ಗ್ರಾಹಕನಿಗೆ ನಗದು ಕೊಟ್ಟು ಕಾಗದ ಮಾಡದೆ ಬಿಟ್ಟವನಿಗೆ ಮಾತ್ರ ಈ ನಷ್ಟ. ವಾರಂಟಿಯಲ್ಲಿ ಉಚಿತವಾಗಿ ಬದಲಿಸಿದ ಭಾಗಕ್ಕೆ ಗ್ರಾಹಕನಿಂದ ಜಿ.ಎಸ್.ಟಿ. ಪಡೆಯುವಂತಿಲ್ಲವೆಂದು 2023ರ ಜುಲೈ 17ರ ಕೇಂದ್ರ ಮಂಡಳಿಯ ಸುತ್ತೋಲೆ ತಿಳಿಸಿದೆ. 2024ರ ಜೂನ್ 26ರ ಸುತ್ತೋಲೆ ಇಡೀ ಉಪಕರಣವನ್ನೇ ಬದಲಿಸಿದ ಸಂದರ್ಭಕ್ಕೂ ಅದನ್ನು ವಿಸ್ತರಿಸಿದೆ. ವಿತರಕನು ತನ್ನ ದಾಸ್ತಾನಿನಿಂದ ಬದಲಿಸಿಕೊಟ್ಟು, ಕಂಪನಿಯು ಡೆಲಿವರಿ ಚಲನ್ ಮೂಲಕ ಅದನ್ನು ತುಂಬಿಕೊಟ್ಟರೆ ತೆರಿಗೆಯೂ ಇಲ್ಲ, ಹೂಡುವಳಿ ತೆರಿಗೆ ಜಮೆಯ ಹಿಂತೆಗೆತವೂ ಇಲ್ಲ.

ಇನ್ನು ಗ್ರಾಹಕನಿಂದ ಹಿಂದಕ್ಕೆ ಬಂದ ಮಾಲಿನ ಗತಿ. ಮರುಮಾರಾಟಕ್ಕೆ ಕೊಂಡ ವರ್ತಕನು ಕಂಪನಿಯ ಅಥವಾ ವಿತರಕನ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಲಾರ. ಆತನಿಗಿರುವುದು ಸರಕು ಮಾರಾಟ ಕಾಯಿದೆ ಮತ್ತು ಡೀಲರ್‌ಶಿಪ್ ಒಪ್ಪಂದ ಮಾತ್ರ. ಆ ಕಾಯಿದೆಯ 42ನೇ ಕಲಮಿನಂತೆ, ತಿರಸ್ಕರಿಸಿರುವುದಾಗಿ ತಿಳಿಸದೆ ಸಮಂಜಸ ಅವಧಿ ಮೀರಿ ಇಟ್ಟುಕೊಂಡ ಮಾಲು ಸ್ವೀಕೃತವಾದಂತೆ. ದೋಷದ ಸುದ್ದಿಯನ್ನು ಪ್ರತಿನಿಧಿಗೆ ಫೋನಿನಲ್ಲಿ ಹೇಳಿ ಸುಮ್ಮನಾಗದೆ, ಮಾಲಿನ ಸರಣಿ ಸಂಖ್ಯೆ, ಗ್ರಾಹಕನ ದೂರಿನ ದಿನಾಂಕ ಮತ್ತು ಜಾಬ್ ಶೀಟಿನ ಪ್ರತಿಯೊಡನೆ ಅದೇ ವಾರ ಲಿಖಿತವಾಗಿ ಕಳುಹಿಸಿ ಸ್ವೀಕೃತಿ ಪಡೆಯಬೇಕು. 30 ದಿನಗಳೊಳಗೆ ಗ್ರಾಹಕನಿಂದ ವಾಪಸು ಬಂದ ದೋಷಯುಕ್ತ ಮಾಲನ್ನು ಕಂಪನಿಯು ಹಿಂದಕ್ಕೆ ಪಡೆಯತಕ್ಕದ್ದೆಂಬ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದರೆ, ನವೀಕರಣದ ವೇಳೆ ಅದನ್ನು ಬರೆಸಿಕೊಳ್ಳುವುದು ಅವಶ್ಯ.