ದಿನ ತುಂಬದ ಶಿಶುಗಳ ಪೋಷಣೆ

ಗರ್ಭದ 37 ವಾರಗಳು ಪೂರೈಸುವುದಕ್ಕೆ ಮುಂಚೆ ಹುಟ್ಟಿದ ಮಗುವನ್ನು ವೈದ್ಯರು ಅಕಾಲಜನಿತ ಶಿಶುವೆಂದು ಕರೆಯುತ್ತಾರೆ. ದಿನ ತುಂಬದ ಕೂಸೆಂಬುದು ನಮ್ಮ ಮನೆಗಳ ಮಾತು. 2020ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಇಂತಹ ಶಿಶುಗಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದುವೆಂದು ಅಂದಾಜು. ಇವುಗಳ ಪೋಷಣೆಯಲ್ಲಿ ಯಂತ್ರಕ್ಕೆ ಸಲ್ಲತಕ್ಕ ಸ್ಥಾನವೇನು, ತಾಯಿಗೆ ಸಲ್ಲತಕ್ಕ ಸ್ಥಾನವೇನು ಎಂಬುದನ್ನು ನಾವು ಈಗ ವಿಚಾರಮಾಡೋಣ.

ಇಂತಹ ಶಿಶುವಿನ ಪರಮಶತ್ರುಗಳಲ್ಲಿ ಶೀತವು ಒಂದು. ಹಂಡೆಯ ಬಿಸಿನೀರಿಗಿಂತ ಚೊಂಬಿನ ಬಿಸಿನೀರು ಬೇಗ ಆರಿಹೋಗುವುದಷ್ಟೆ. ಹಾಗೆಯೇ, ಅಲ್ಪ ತೂಕದ ಈ ಶರೀರವು ತನ್ನ ಶಾಖವನ್ನು ಬಹು ಬೇಗ ಕಳೆದುಕೊಳ್ಳುತ್ತದೆ. ಚರ್ಮವು ತೆಳು; ಅದರ ಕೆಳಗೆ ಶಾಖವನ್ನು ಕಾಪಾಡತಕ್ಕ ಕೊಬ್ಬು ಅತ್ಯಲ್ಪ. ಉಸಿರಿಗೂ ಬೆಳವಣಿಗೆಗೂ ಬೇಕಾದ ಶಕ್ತಿಯೆಲ್ಲ ಮೈಯನ್ನು ಬೆಚ್ಚಗಿಡುವುದಕ್ಕೇ ವ್ಯಯವಾಗುತ್ತದೆ. ಶ್ವಾಸಕೋಶದ ಗಾಳಿಗೂಡುಗಳನ್ನು ಕುಸಿಯಗೊಡದ ದ್ರವ್ಯವೂ ಸಾಕಷ್ಟು ಹುಟ್ಟಿರುವುದಿಲ್ಲ. ಸುಮಾರು 34 ವಾರಗಳವರೆಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳಲಾರದ್ದರಿಂದ ತಾಯಿಯ ಹಾಲನ್ನು ತೆಗೆದು ಸಣ್ಣ ಕೊಳವೆಯ ಮೂಲಕ ಹೊಟ್ಟೆಗೆ ಸೇರಿಸಬೇಕಾಗುತ್ತದೆ.

ಪ್ಯಾರಿಸ್ ನಗರದ ಪ್ರಸೂತಿವೈದ್ಯ ಸ್ತೆಫಾನ್ ಟಾರ್ನಿಯೆ ಎಂಬವರು ಕೋಳಿಮೊಟ್ಟೆಗಳನ್ನು ಮರಿಮಾಡಿಸುವ ಶಾಖದ ಪೆಟ್ಟಿಗೆಯನ್ನು ಕಂಡು, ಅದೇ ತತ್ತ್ವದ ಮೇಲೆ ಶಿಶುಗಳಿಗೂ ಪೆಟ್ಟಿಗೆಯನ್ನು ಮಾಡಿಸಿ 1880ರ ಸುಮಾರಿನಲ್ಲಿ ತಮ್ಮ ಆಸ್ಪತ್ರೆಯಲ್ಲಿರಿಸಿದರು. ಅಲ್ಲಿ 2 ಕಿಲೋಗ್ರಾಂಗಿಂತ ಕಡಮೆ ತೂಗುವ ಶಿಶುಗಳಲ್ಲಿ ನೂರಕ್ಕೆ 66ರಷ್ಟಿದ್ದ ಮರಣವು 38ಕ್ಕೆ ಇಳಿಯಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಮಗು ಪೆಟ್ಟಿಗೆಯೊಳಗಾದಾಗ ತಾಯಿ ಹೊರಗಾದಳು. ಟಾರ್ನಿಯೆಯವರ ಶಿಷ್ಯ ಪಿಯೆರ್ ಬ್ಯುದ್ಯಾಂ ಈ ಅಗಲಿಕೆಯ ಕೇಡನ್ನು ಮನಗಂಡು, ತಾಯಂದಿರು ಮಗುವಿನ ಬಳಿಗೆ ಬಂದು ಹಾಲೂಡಬೇಕೆಂದು ಒತ್ತಿಹೇಳಿದರು. ಆದರೂ ಮುಂದೆ ಅನೇಕ ಆಸ್ಪತ್ರೆಗಳು ಸೋಂಕಿನ ಭಯದಿಂದ ತಾಯಿಯನ್ನು ಗಾಜಿನ ಆಚೆಯೇ ನಿಲ್ಲಿಸಿದುವು.

ಈ ಪದ್ಧತಿಯನ್ನು ಕದಲಿಸಿದುದು ಬಡತನ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಪೆಟ್ಟಿಗೆಗಳು ಸಾಲದೆ, ಒಂದರಲ್ಲಿಯೇ ಹಲವು ಶಿಶುಗಳನ್ನು ಮಲಗಿಸಬೇಕಾಗಿ, ಸೋಂಕು ಹಬ್ಬುತ್ತಿತ್ತು. 1978ರಲ್ಲಿ ಅಲ್ಲಿನ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಅವರು ಶಿಶುವನ್ನು ತಾಯಿಯ ಎದೆಯ ಮೇಲೆಯೇ ಇರಿಸುವ ಕ್ರಮವನ್ನು ಆರಂಭಿಸಿದರು. ಕಾಂಗರೂ ತನ್ನ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವುದರಿಂದ ಇದಕ್ಕೆ ಕಾಂಗರೂ ಪೋಷಣೆಯೆಂದು ಹೆಸರಾಯಿತು. ಕುಲಾವಿಯನ್ನೂ ಕೌಪೀನದಂತಹ ಬಟ್ಟೆಯನ್ನೂ ಮಾತ್ರ ತೊಡಿಸಿದ ಮಗುವನ್ನು ತಾಯಿಯ ಸ್ತನಗಳ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಕುವಂತೆ ಇರಿಸಿ, ಉಸಿರಿಗೆ ತಡೆಯಾಗದಂತೆ ಮುಖವನ್ನು ಒಂದು ಕಡೆಗೆ ತಿರುಗಿಸಿ, ಬಟ್ಟೆಯಿಂದ ಬಿಗಿಯುತ್ತಾರೆ. ಶಾಖವೂ ಸ್ತನ್ಯವೂ ಒಂದೇ ಎಡೆಯಲ್ಲಿ ದೊರೆಯುತ್ತವೆ. ತಾಯಿ ದಣಿದಾಗ ತಂದೆಯೂ ಅಜ್ಜಿಯೂ ಹೀಗೆ ಹೊರಬಹುದು.

ಶಿಶುವಿನ ಸ್ಥಿತಿ ಸ್ಥಿರವಾದ ಮೇಲೆಯೇ ಇದು ಯುಕ್ತವೆಂದು ವೈದ್ಯರು ಬಹುಕಾಲ ನಂಬಿದ್ದರು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯು ಈ ನಂಬಿಕೆಯನ್ನು ಅಲುಗಿಸಿತು. 1 ಕಿಲೋಗ್ರಾಂಗಿಂತ ಕಡಮೆಯಿಲ್ಲದೆ 1.8 ಕಿಲೋಗ್ರಾಂ ಮುಟ್ಟದ ಶಿಶುಗಳನ್ನು ಹುಟ್ಟಿದ ಕೂಡಲೆ ಎದೆಗೆ ಕಟ್ಟಿದಾಗ 28 ದಿನಗಳೊಳಗಿನ ಮರಣವು ನೂರಕ್ಕೆ 12 ಆಯಿತು. ಸ್ಥಿರವಾಗುವವರೆಗೆ ಕಾಯ್ದವರಲ್ಲಿ 15.7. ಇದಕ್ಕಾಗಿ ತಾಯಿಯ ಹಾಸಿಗೆಯನ್ನು ಶಿಶುಗಳ ವಿಶೇಷ ವಾರ್ಡಿನೊಳಗೇ ಹಾಕಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಕೂಡಲೆ ಈ ಪೋಷಣೆಯನ್ನು ಆರಂಭಿಸಬೇಕೆಂದು ವಿಧಿಸಿತು.

ಯಂತ್ರಗಳು ನಿರರ್ಥಕವೆಂದು ಇದರ ತಾತ್ಪರ್ಯವಲ್ಲ. ಉಸಿರಾಡಲಾರದ ಮಗುವಿಗೆ ಆಮ್ಲಜನಕವೂ ಉಸಿರಿನ ಯಂತ್ರವೂ ಬೇಕೇಬೇಕು. ಅತಿ ಕೃಶವಾದ ಶಿಶುವಿಗೆ ಪೆಟ್ಟಿಗೆಯೂ ಬೇಕು. ಆದರೆ ವಾರ್ಡಿನ ಬಾಗಿಲಲ್ಲಿ ತಾಯಿಯನ್ನು ನೋಡಲು ಬಂದ ನೆಂಟಳಂತೆ ಕಾಣುವುದು ಸಲ್ಲದು. ಆಕೆ ಚಿಕಿತ್ಸೆಯ ಒಂದು ಅಂಗ. ಹೊಸ ಆಸ್ಪತ್ರೆಯನ್ನು ಕಟ್ಟುವಾಗ ಎಷ್ಟು ಯಂತ್ರಗಳನ್ನು ತರಿಸಿದರೆಂದು ಕೇಳುವ ನಾವು, ಬಾಣಂತಿಗೆ ಮಗುವಿನ ಪಕ್ಕದಲ್ಲಿ ಎಷ್ಟು ಮಂಚಗಳನ್ನು ಹಾಕಿಸಿದರೆಂದೂ ಕೇಳತಕ್ಕದ್ದು.